ಆಷಾಢಕ್ಕೆ ನೋಡೋಣ

ಈಚೆಗೆ ಯಾರಾದರೂ ಪಾತ್ರೆ ಬಾಡಿಗೆಗೆ ಕೇಳಿಕೊಂಡು ಅಂಗಡಿಗೆ ಬಂದರೆ, ಎಷ್ಟು ಜನಕ್ಕೆ, ಯಾವ ದಿನ ಎಂದು ಕೇಳುವ ಮೊದಲೇ ನನಗೆ ಸುಸ್ತಾಗಿಬಿಡುತ್ತದೆ. ಅರಕಲಗೂಡು ಪೇಟೆಯಲ್ಲಿ ಮೂವತ್ತು ವರ್ಷದಿಂದ ಶಾಮಿಯಾನ, ಹಂಡೆ, ಕುರ್ಚಿ ಬಾಡಿಗೆಗೆ ಕೊಡುತ್ತ ಬಂದವನು ನಾನು. ಮದುವೆ ಮನೆಯವರ ಗಲಾಟೆ, ತಿಥಿ ಮನೆಯವರ ಮೌನ ಎರಡೂ ಅಭ್ಯಾಸವಾಗಿ ಹೋಗಿವೆ. ಸುಸ್ತು ಅದರದ್ದಲ್ಲ. ಬಂದವರು ಎದ್ದು ಹೋಗುವಾಗ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ. “ಅಡುಗೆಗೆ ಭಟ್ರು ಬತ್ತಾರಾ?” ಇಲ್ಲ, ಅವರು ತೀರಿಕೊಂಡರು ಎಂದು ಹೇಳಬೇಕು. ಹೋದ ವರ್ಷದ ಆಷಾಢದಿಂದ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ. “ಅಯ್ಯೋ, ಏನಾಗಿತ್ತು?” ಅನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಏನೋ ಒಂದು ಹೇಳಿ ಕಳಿಸುತ್ತೇನೆ. ಪೂರ್ತಿ ಹೇಳಿದ್ದು ಒಬ್ಬರಿಗೆ ಮಾತ್ರ. ಈಗ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ತಾಲ್ಲೂಕಿನಲ್ಲಿ ಅರ್ಧ ಜನಕ್ಕೆ ಗುರುತು ಸಿಗಲಿಕ್ಕಿಲ್ಲ. ಮಲ್ಲಿಪಟ್ಟಣದ ಕಡೆಯ ಒಕ್ಕಲಿಗರ ಮನೆಯವರು, ಮಾಡುತ್ತಿದ್ದದ್ದು ಬಾಡೂಟದ ಅಡುಗೆ, ಆದರೂ ಎಲ್ಲರ ಬಾಯಲ್ಲೂ ಭಟ್ರು. ಸೌಟು ಹಿಡಿದವರೆಲ್ಲ ನಮ್ಮಲ್ಲಿ ಭಟ್ರೇ. ಒಂದು ಸಲ ಹಾಸನದಿಂದ ಬಂದಿದ್ದ ಒಬ್ಬರು ನಿಜವಾದ ಭಟ್ಟರು ಎಂದೇ ತಿಳಿದು, ಇವರು ತಲೆಮಾಂಸ ತೊಳೆಯುವುದನ್ನು ನೋಡಿ ಗಾಬರಿಯಾಗಿ ನಿಂತುಬಿಟ್ಟಿದ್ದರು. “ಎದರ್ಕಬ್ಯಾಡಿ ಸಾ, ಜನಿವಾರ ಮನೇಲಿ ಮೊಳೆಗೆ ತಗಲಾಕಿ ಬಂದಿವ್ನಿ” ಅಂದರು ಭಟ್ರು. ಆ ಮನುಷ್ಯ ಅದನ್ನೂ ನಂಬಿದ.

ಬಾಡೂಟ ಮಾಡುವವರು ಸಾಮಾನ್ಯವಾಗಿ ಹೊಟ್ಟೆ ಬಿಟ್ಟುಕೊಂಡು ಗಟ್ಟಿಮುಟ್ಟಾಗಿರುತ್ತಾರೆ. ಇವರು ಬಡಕಲು. ಹೆಗಲಿನ ಮೂಳೆ ಬನಿಯನ್ನಿನೊಳಗಿಂದ ಎದ್ದು ಕಾಣುತ್ತಿತ್ತು. ಹೊಟ್ಟೆಗೆ ಒಂದು ಟವೆಲನ್ನು ಬಿಗಿಯಾಗಿ ಸುತ್ತಿಕೊಂಡಿರುತ್ತಿದ್ದರು, ಬೇಸಿಗೆಯಲ್ಲೂ. ಹೊಸಬರು ಅವರನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದು, “ಇವರೇನಾ? ಎಂಟ್ನೂರು ಜನಕ್ಕೆ ಮಾಡ್ತಾರಾ?” ಎಂದು ಕೇಳುತ್ತಿದ್ದರು. ಊಟ ಆದ ಮೇಲೆ ಅವರೇ ಬಂದು, ಮುಂದಿನ ಮಗಳ ಮದುವೆಗೂ ಇವರನ್ನೇ ಹೇಳಿಬಿಡಿ ಎಂದು ಹೋಗುತ್ತಿದ್ದರು.

ನಮ್ಮ ಕಡೆ ಮದುವೆಗಿಂತ, ಅದಾದ ಮೇಲೆ ಬೀಗರಿಗೆ ಹಾಕುವ ಬಾಡೂಟ, ಬೀಗರೂಟ ದೊಡ್ಡದು. ತಾಳಿ ಕಟ್ಟಿದ್ದನ್ನು ಜನ ಮರೆಯಬಹುದು, ಬೀಗರೂಟದಲ್ಲಿ ಮಾಂಸ ಬೆಂದಿರಲಿಲ್ಲ ಎನ್ನುವುದನ್ನು ಮೊಮ್ಮಕ್ಕಳ ಕಾಲದವರೆಗೂ ಎತ್ತಿ ಆಡುತ್ತಾರೆ. ಅಂಥ ಊಟದ ಹೊಣೆಯನ್ನು ಭಟ್ರು ಗಡಿಬಿಡಿ ಇಲ್ಲದೆ ಹೊರುತ್ತಿದ್ದರು. ಸೌದೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಂಡೆಯನ್ನು ನೋಡುತ್ತಿದ್ದರು, ಅಷ್ಟೆ. ಸಾರು ಕುದಿದು ಇಳಿಯುವ ಹೊತ್ತಿಗೆ ಮೇಲೆ ಎಣ್ಣೆ ತೇಲುತ್ತದಲ್ಲ, ಆ ಎಣ್ಣೆಯ ಬಣ್ಣ ನೋಡಿಯೇ ಮರಿ ಎಳೆಯದೋ ಬಲಿತದ್ದೋ, ಮನೆಯಲ್ಲಿ ಕಟ್ಟಿ ಮೇಯಿಸಿದ್ದೋ ಸಂತೆಯಲ್ಲಿ ಹಿಡಿದು ತಂದದ್ದೋ ಎಂದು ಹೇಳಿಬಿಡುತ್ತಿದ್ದರು. ಶೆಟ್ಟಿಹಳ್ಳಿಯ ಹತ್ತಿರ ಒಂದು ಮನೆಯಲ್ಲಿ, “ಈ ಮರಿ ನಿಮ್ದಲ್ಲ, ಬೀಗ್ರು ಕಳಿಸಿದ್ದು” ಅಂದಾಗ ಮನೆ ಯಜಮಾನ ಬೆಪ್ಪಾಗಿ, ಯಾರಿಗೂ ಹೇಳಬೇಡಿ ಎಂದು ಕೈಮುಗಿದಿದ್ದ.

ಉಪ್ಪು ಮಾತ್ರ ಅವರು ತಾವು ನೋಡುತ್ತಿರಲಿಲ್ಲ. ಸಾರು ಇಳಿಸುವ ಮೊದಲು ಆ ಮನೆಯ ಹಿರಿಯ ಹೆಂಗಸನ್ನು, ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತ ಕೂತಿರುವ ಅಜ್ಜಿಯನ್ನು, ಹುಡುಕಿಕೊಂಡು ಹೋಗುತ್ತಿದ್ದರು. ಸಣ್ಣ ಬಟ್ಟಲಲ್ಲಿ ಸಾರು ಹಿಡಿದು, “ಉಪ್ಪು ನೋಡವ್ವ, ನೀನು ಊಂ ಅಂದ್ರೆ ಇಳುಸ್ತೀನಿ” ಅನ್ನುತ್ತಿದ್ದರು. ಆ ಹೊತ್ತಿಗೆ ಯಾರೂ ಮಾತಾಡಿಸದೆ ಬಿಟ್ಟಿದ್ದ ಮುದುಕಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ನಾಲಿಗೆಗೆ ಹಚ್ಚಿಕೊಂಡು, ಇನ್ನೊಂದು ಹಿಡಿ ಹಾಕು ಎಂದು ಅಪ್ಪಣೆ ಕೊಡುತ್ತಿತ್ತು. ಎಂಥ ದೊಡ್ಡ ಮನಸ್ಸು, ಹಿರಿಯರಿಗೆ ಎಂಥ ಗೌರವ ಎಂದು ನಾನು ಎಷ್ಟೋ ಜನರಿಗೆ ವರ್ಣಿಸಿದ್ದೇನೆ. ಜಿಡ್ಡಿನ ಸಾರು ಒಂದು ಗುಟುಕು ಒಳಗೆ ಹೋದರೂ ಆ ಮನುಷ್ಯನಿಗೆ ಅರ್ಧ ದಿನ ಬೆನ್ನು ನೆಟ್ಟಗೆ ಮಾಡಲಾಗುವುದಿಲ್ಲ ಎಂದು ಗೊತ್ತಾದದ್ದು ಬಹಳ ತಡವಾಗಿ.

ಅದಕ್ಕಿಂತ ಕಷ್ಟದ್ದು ಕಡೆಯ ಪಂಕ್ತಿ. ಎಲ್ಲರದ್ದೂ ಆದ ಮೇಲೆ ಅಡುಗೆ ಭಟ್ರನ್ನು ಕೂರಿಸಿ ಎಲೆ ಹಾಕಿ ಮನೆಯವರೇ ಬಡಿಸುವುದು ನಮ್ಮಲ್ಲಿ ಮರ್ಯಾದೆ. ನಲ್ಲಿಮೂಳೆ, ಒಳ್ಳೆಯ ತುಂಡು ಎಲ್ಲ ಅವರ ಎಲೆಗೇ ಬೀಳಬೇಕು. ಉಣ್ಣದೆ ಎದ್ದರೆ ಅಡುಗೆಯಲ್ಲಿ ಏನೋ ಐಬಿದೆ ಅನ್ನುತ್ತಾರೆ. ಭಟ್ರು ಕೂರುತ್ತಿದ್ದರು. ತುಂಡುಗಳನ್ನು ಎಲೆಯ ಅಂಚಿಗೆ ಸರಿಸಿ, ನಗುತ್ತ, ಅನ್ನವನ್ನು ಸಾರಿಗೆ ಮುಟ್ಟಿಸಿ ನಾಲ್ಕು ತುತ್ತು ನುಂಗಿ ಏಳುತ್ತಿದ್ದರು. ಉಳಿದದ್ದನ್ನು ಎಲೆಯಲ್ಲೇ ಮಡಿಸಿ ಮನೆಗೆ. ಆ ನಾಲ್ಕು ತುತ್ತಿಗೆ ಮಾರನೆಯ ದಿನವೆಲ್ಲ ನರಳುತ್ತಿದ್ದರಂತೆ. ಎಷ್ಟೋ ಬಾರಿ ಅವರ ಎಲೆಗೆ ಒತ್ತಾಯ ಮಾಡಿ ಬಡಿಸಿದವನು ನಾನೇ.

ನೋವು ಅವರಿಗೆ ಮೂವತ್ತು ದಾಟುವ ಮೊದಲೇ ಶುರುವಾಗಿತ್ತು. ಎದೆಗುಂಡಿಗೆಯ ಕೆಳಗೆ ಹಿಡಿದುಕೊಂಡು ಬೆನ್ನಿಗೆ ಹೊಡೆಯುತ್ತಿತ್ತು. ನಮ್ಮೂರಿನಲ್ಲಿ ಹೊಟ್ಟೆಯ ಯಾವ ನೋವಿಗಾದರೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರು. ಅವರೂ ಸೋಡಾ ಕುಡಿದರು, ಓಮ ಅಗಿದರು, ಮೆಡಿಕಲ್ ಸ್ಟೋರಿನಲ್ಲಿ ಕೊಟ್ಟ ಗುಲಾಬಿ ಬಣ್ಣದ ಔಷಧಿಯನ್ನು ಬಾಟಲಿಗಟ್ಟಲೆ ಕುಡಿದರು. ನೋವು ಬಂದಾಗ ಕವುಚಿದ ಕೊಳಗದ ಮೇಲೆ ಕೂತು, ಮಂಡಿಯನ್ನು ಎದೆಗೆ ಅಪ್ಪಿಕೊಂಡು ಮುಂದಕ್ಕೆ ಬಾಗಿಬಿಡುತ್ತಿದ್ದರು. ಹಾಗೆ ಬಾಗಿದರೆ ಸ್ವಲ್ಪ ತಡೆಯುತ್ತದೆ ಅನ್ನುತ್ತಿದ್ದರು. ನೋಡಿದವರಿಗೆ ಕುಡಿದು ತೂಕಡಿಸುವವನಂತೆ ಕಾಣುತ್ತಿತ್ತು. ಬಾಡೂಟದ ಅಡುಗೆಯವನು ಕುಡಿಯುವುದಿಲ್ಲ ಅಂದರೆ ನಂಬುವವರಾದರೂ ಯಾರು? ಅವರು ಜನ್ಮದಲ್ಲಿ ಮುಟ್ಟಿದವರಲ್ಲ.

ಮೂರ್ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಡಿಗೆ ಬಂದು, ಗಿರಾಕಿಗಳು ಹೋಗುವವರೆಗೆ ಸುಮ್ಮನೆ ಕೂತಿದ್ದು, ಆಮೇಲೆ ಹತ್ತಿರ ಬಂದರು.

“ಅಣ್ಣ, ಒಂದ್ ಮಾತು. ಅಸಹ್ಯ ಅನ್ಕಬ್ಯಾಡಿ.”

“ಏನು ಹೇಳಿ ಭಟ್ರೇ.”

“ಪಾಯಖಾನೇಲಿ ನೀರಾಕಿದ್ರೆ ಮೇಲೆ ಎಣ್ಣೆ ತೇಲ್ತದೆ ಕಣಣ್ಣ. ಮೂರು ದಿವ್ಸದಿಂದ ನೋಡ್ತಾವ್ನಿ. ನಾನು ಉಂಡಿರಾದು ಮುದ್ದೆ, ಬಸ್ಸಾರು. ಒಗ್ಗರಣೆ ಎಣ್ಣೆ ಬುಟ್ರೆ ಇನ್ನೊಂದಿಲ್ಲ. ತಿಂದಿದ್ ಜಿಡ್ಡು ಅಂಗಂಗೇ ಈಚೆಗ್ ಬತ್ತಾ ಅದೆ. ನನ್ ಒಟ್ಟೆ ಒಳ್ಗೆ ಯಾವ್ದೋ ಒಲೆ ಕೆಟ್ಟೋಗದೆ.”

ಜೀವಮಾನವೆಲ್ಲ ಹಂಡೆಯ ಮೇಲಿನ ಎಣ್ಣೆ ನೋಡಿದ ಮನುಷ್ಯ ತನ್ನ ಕಾಯಿಲೆಯನ್ನೂ ಹಾಗೇ ಓದಿದ್ದರು. ನನಗೆ ನಗು ಬರುವುದರಲ್ಲಿತ್ತು, ಅವರ ಮುಖ ನೋಡಿ ಸುಮ್ಮನಾದೆ. ಪಾತ್ರೆ ಸಾಗಿಸುವ ಗಾಡಿಯಲ್ಲೇ ಹಾಸನಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಸಿಕ್ಕಿದವರು ಒಬ್ಬ ಡಾಕ್ಟರಮ್ಮ. ಚಿಕ್ಕ ವಯಸ್ಸು, ಮಾತು ಚುರುಕು. ಸ್ಕ್ಯಾನು ಮಾಡಿಸಿ, ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಹೊಟ್ಟೆಯ ಹಿಂದೆ, ಬೆನ್ನಿಗೆ ಅಂಟಿದ ಹಾಗೆ ಮೇದೋಜೀರಕ ಅಂತ ಒಂದು ಗ್ರಂಥಿ ಇರುತ್ತದೆ, ಜಿಡ್ಡು ಕರಗಿಸುವ ರಸ ಅಲ್ಲಿಂದ ಬರಬೇಕು, ಆ ರಸ ಹರಿಯುವ ನಾಳದ ತುಂಬ ಕಲ್ಲು ಕೂತಿವೆ ಎಂದರು. ಭಟ್ರು ಫಿಲ್ಮಿನ ಮೇಲಿನ ಬಿಳಿ ಚುಕ್ಕಿಗಳನ್ನು ನೋಡಿ, “ಕಲ್ಲುಪ್ಪು ಚೆಲ್ದಂಗದೆ” ಅಂದರು. ಸಕ್ಕರೆ ಕಾಯಿಲೆಯೂ ಅದರಿಂದಲೇ ಬಂದಿತ್ತು. ಡಾಕ್ಟರಮ್ಮ ಬರೆಯುತ್ತ ಬರೆಯುತ್ತ ಕೇಳಿದರು.

“ಎಷ್ಟು ವರ್ಷದಿಂದ ಕುಡೀತಿದೀರಾ?”

“ಕುಡಿಯಾಕಿಲ್ಲ ಕಣವ್ವ.”

“ನಿಜ ಹೇಳಿ. ಮುಚ್ಚಿಟ್ಟರೆ ನಿಮಗೇ ತೊಂದರೆ.”

“ಕುಡುದಿದ್ರೆ ಚೆಂದಾಗಿತ್ತು ಕಣವ್ವ. ಇವತ್ತಿಂದ ಬುಡ್ತೀನಿ ಅನ್ಬೋದಿತ್ತು.”

ಆಕೆ ಪೆನ್ನು ಕೆಳಗಿಟ್ಟರು. ಕುಡಿಯುವವರಲ್ಲಿ ಇದು ಹೆಚ್ಚು, ಆದರೆ ಮುಟ್ಟದವರಿಗೂ ಬರುತ್ತದೆ, ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ಎಂದು ಮೆತ್ತಗೆ ಹೇಳಿದರು. ಅಂದಿನಿಂದ ಭಟ್ರನ್ನು ಕಂಡರೆ ಆಕೆಗೆ ವಿಶೇಷ ಅಕ್ಕರೆ. ಇವರೂ ಆಕೆಯನ್ನು ಮಗಳ ಹಾಗೆ ಮಾತಾಡಿಸುತ್ತಿದ್ದರು.

ಕಲ್ಲು ಎಂಬ ಸುದ್ದಿ ಊರಲ್ಲಿ ಹರಡಿದ್ದೇ ತಡ, ಎಲ್ಲರೂ ವೈದ್ಯರಾದರು. ನಮ್ಮ ಜನಕ್ಕೆ ಗೊತ್ತಿರುವ ಕಲ್ಲು ಮೂತ್ರದ ಕಲ್ಲು ಒಂದೇ. ಭಟ್ರ ಮನೆ ಜಗಲಿಯ ಮೇಲೆ ಬಾಳೆದಿಂಡಿನ ರಾಶಿ ಬಿತ್ತು. ಹುರುಳಿಕಟ್ಟು ಕುಡಿಸಿದರು. ಈ ಕಲ್ಲು ಬೇರೆ, ಆ ಜಾಗ ಬೇರೆ ಎಂದು ಅವರು ಹೇಳಿ ಹೇಳಿ ಸಾಕಾಗಿ, ಕೊನೆಗೆ ತಂದವರ ಮನಸ್ಸು ನೋಯಬಾರದೆಂದು ದಿಂಡಿನ ಪಲ್ಯವನ್ನೇ ವಾರಗಟ್ಟಲೆ ತಿಂದರು. ಇಬ್ಬರು ಮಹಾನುಭಾವರು, ಎರಡು ಬೀರು ಹಾಕಿಬಿಡಿ, ಕೊಚ್ಚಿಕೊಂಡು ಹೋಗುತ್ತದೆ ಎಂದೂ ಹೇಳಿದರು. ಅವರ ಮಾತು ಕೇಳಿದ್ದರೆ ಕಲ್ಲಿನ ಜೊತೆ ಇವರೂ ಕೊಚ್ಚಿಕೊಂಡು ಹೋಗುತ್ತಿದ್ದರು ಎಂದು ಡಾಕ್ಟರಮ್ಮ ಆಮೇಲೆ ರೇಗಿದರು.

ಎರಡು ವರ್ಷ ಔಷಧಿಯಲ್ಲೇ ನಡೆಯಿತು. ಊಟದ ಜೊತೆಗೆ ನುಂಗುವ ಕ್ಯಾಪ್ಸೂಲು, ದಿನಕ್ಕೆ ಎರಡು ಸಲ ಇನ್ಸುಲಿನ್. ಅದೂ ಸುಲಭವಲ್ಲ. ಹೊಳೆನರಸೀಪುರದ ಒಂದು ಬೀಗರೂಟದಲ್ಲಿ ಸೂಜಿ ಚುಚ್ಚಿಕೊಂಡು, ಕೆಲಸದ ಭರದಲ್ಲಿ ತಿಂಡಿ ತಿನ್ನುವುದನ್ನು ಮರೆತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವೆತು, ಮಾತು ತೊದಲಿ, ಒಲೆಯ ಮೇಲೇ ವಾಲಿದರು. “ಬೆಳ್ಬೆಳಿಗ್ಗೇನೇ ಏರಿಸವ್ನೆ ನೋಡ್ಲಾ” ಎಂದು ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ನಾನು ಅಚ್ಚುಬೆಲ್ಲ ಕುಟ್ಟಿ ಬಾಯಿಗೆ ಹಾಕಿದೆ. ಕಾಲು ಗಂಟೆಯಲ್ಲಿ ಎದ್ದು ಕೂತವರೇ ಮೊದಲು ಕೇಳಿದ್ದು, “ತಳ ಇಡೀತಾ?” ಎಂದು. ಹಂಡೆ ತಳ ಹಿಡಿದಿರಲಿಲ್ಲ. ಆದರೆ ಆ ಮನೆಯವರು ಮತ್ತೆ ಅವರನ್ನು ಕರೆಯಲಿಲ್ಲ.

ಎರಡನೆಯ ವರ್ಷದ ಕೊನೆಗೆ ನೋವು ವಿಪರೀತವಾಯಿತು. ತೂಕ ಇಳಿದು ಅಂಗಿ ತೂಗುಹಾಕಿದ ಹಾಗೆ ಕಾಣುತ್ತಿದ್ದರು. ಧನುರ್ಮಾಸ ಬರಲಿ ಎಂದು ಕಾದರು. ಇಲ್ಲಿ ನಮ್ಮ ಕಸುಬಿನವರ ಒಂದು ಚಾಳಿ ಹೇಳಬೇಕು. ಆಷಾಢ, ಧನುರ್ಮಾಸ ಈ ಎರಡರಲ್ಲಿ ಮದುವೆ ಇಲ್ಲ, ನಮಗೆ ಬಿಡುವು. ಆದ್ದರಿಂದ ಮನೆಯ ಹೆಂಚು ಕೈಯಾಡಿಸುವುದು, ಹಲ್ಲು ಕೀಳಿಸುವುದು, ಕಣ್ಣಿನ ಪೊರೆ ತೆಗೆಸುವುದು ಎಲ್ಲ ಆ ಎರಡು ತಿಂಗಳಿಗೇ. ನನ್ನ ಹರ್ನಿಯಾವನ್ನೂ ನಾನು ಎಂಟು ತಿಂಗಳು ಕೈಯಲ್ಲಿ ಹಿಡಿದುಕೊಂಡು ಓಡಾಡಿ ಆಷಾಢದಲ್ಲೇ ಆಪರೇಷನ್ ಮಾಡಿಸಿಕೊಂಡದ್ದು. ಮೈಯಿಗೂ ಮುಹೂರ್ತದ ಪಂಚಾಂಗ ಗೊತ್ತಿದೆ ಎಂದೇ ನಾವು ನಂಬಿದವರು. ಭಟ್ರಂತೂ ಏನು ಕೇಳಿದರೂ, “ಆಷಾಢಕ್ಕೆ ನೋಡಣ” ಅನ್ನುವವರು.

ಧನುರ್ಮಾಸದಲ್ಲಿ ಹಾಸನದ ಅದೇ ಆಸ್ಪತ್ರೆಯಲ್ಲಿ ಯಂತ್ರದಿಂದ ಹೊರಗಿನಿಂದಲೇ ಅದುರಿಸಿ ಕಲ್ಲುಗಳನ್ನು ಪುಡಿ ಮಾಡಿದರು. ಆಮೇಲೆ ಬಾಯಿಯ ಮೂಲಕ ಕೊಳವೆ ಇಳಿಸಿ, ನಾಳ ಮತ್ತೆ ಮುಚ್ಚಿಕೊಳ್ಳದಂತೆ ಒಳಗೆ ಒಂದು ಪ್ಲಾಸ್ಟಿಕ್ ನಳಿಗೆ ಇಟ್ಟರು. ಸ್ಟೆಂಟು ಅಂತ. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನ ಮುಂದೆಯೇ ಹೇಳಿದರು. “ಮೂರು ತಿಂಗಳಿಗೆ ಸರಿಯಾಗಿ ಬರಬೇಕು. ತೆಗೀಬೇಕು, ಇಲ್ಲಾ ಬದಲಾಯಿಸ್ಬೇಕು. ನೋವಿಲ್ಲ ಅಂತ ಸುಮ್ಮನಿದ್ದರೆ ನಳಿಗೆ ಕಟ್ಟಿಕೊಳ್ಳುತ್ತೆ, ಒಳಗೆ ಕೀವಾಗುತ್ತೆ. ನಿಮಗೆ ಸಕ್ಕರೆ ಬೇರೆ ಇದೆ.” ಭಟ್ರು, “ಅಣ್ಣನ ಪುಸ್ತಕದಲ್ಲಿ ಬರಸ್ತೀನವ್ವ” ಅಂದರು.

ನನ್ನ ಅಂಗಡಿಯಲ್ಲಿ ಒಂದು ಉದ್ದನೆಯ ಪುಸ್ತಕ ಇದೆ. ಯಾವ ದಿನ ಯಾರ ಮನೆಗೆ ಪಾತ್ರೆ ಹೋಗಬೇಕು ಎಂದು ಅದರಲ್ಲಿ ಬರೆಯುತ್ತೇನೆ. ಭಟ್ರು ಒಪ್ಪಿಕೊಂಡ ಅಡುಗೆಗಳೂ ಅದರಲ್ಲೇ. ಯುಗಾದಿಗೆ ಐದು ದಿನ ಮುಂಚಿನ ತಾರೀಖಿನ ಎದುರು ‘ಭಟ್ರು, ಆಸ್ಪತ್ರೆ’ ಎಂದು ಕೆಂಪು ಶಾಯಿಯಲ್ಲಿ ಬರೆದೆ.

ನೋವು ನಿಂತುಹೋಯಿತು. ಇಪ್ಪತ್ತು ವರ್ಷ ಜೊತೆಗಿದ್ದದ್ದು ಮಾಯವಾಯಿತು. ಟವೆಲು ಸುತ್ತುವುದನ್ನು ಬಿಟ್ಟರು. ಮೈಗೆ ಸ್ವಲ್ಪ ಮಾಂಸ ಬಂತು. ಅಂಗಡಿಗೆ ಬಂದು ಕಾರಣವಿಲ್ಲದೆ ನಿಂತು ಮಾತಾಡಿ ಹೋಗುತ್ತಿದ್ದರು. “ಅಣ್ಣ, ಬೆಳಿಗ್ಗೆ ಎದ್ರೆ ಏನೋ ಮರ್ತಂಗಾಯ್ತದೆ. ಏನಪ್ಪಾ ಅಂತ ನೋಡಿದ್ರೆ ನೋವು” ಅಂದು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆ ಮಧ್ಯೆ ನನ್ನ ಮಗನ ಮದುವೆ ಗೊತ್ತಾಯಿತು. ಹೆಣ್ಣು ಚನ್ನರಾಯಪಟ್ಟಣ ತಾಲ್ಲೂಕು, ಹಿರೀಸಾವೆ ಕಡೆ. ಬೀಗರು ಅನುಕೂಲಸ್ಥರು, ಜನಬಳಕೆ ಹೆಚ್ಚು. ಪುರೋಹಿತರು ದಿನ ಇಟ್ಟುಕೊಟ್ಟರು, ಮದುವೆಯಾದ ಮೂರನೆಯ ದಿನ ನಮ್ಮ ಮನೆಯಲ್ಲಿ ಬೀಗರೂಟ. ಪುಸ್ತಕದಲ್ಲಿ ಬರೆಯಲು ಹೋದಾಗ ಆ ತಾರೀಖಿನ ಎದುರು ಕೆಂಪು ಶಾಯಿ ಇತ್ತು. ಭಟ್ರು ಎದುರಿಗೇ ಕೂತಿದ್ದರು. ಇಬ್ಬರೂ ಆ ಸಾಲನ್ನು ನೋಡಿದೆವು.

“ಬೇರೆ ಯಾರನ್ನಾದ್ರೂ ಕರೆಸ್ತೀನಿ ಬಿಡಿ ಭಟ್ರೇ” ಅಂದೆ.

ಮಾತು ಸರಿಯಾಗಿಯೇ ಇತ್ತು. ದನಿ ಸರಿಯಿರಲಿಲ್ಲ. ಬೇರೆಯವರು ಬೇಡ, ನೀವೇ ಇರಿ ಎಂದು ಆ ದನಿಯಲ್ಲಿ ಬೇಡಿಕೊಂಡಿದ್ದೆ. ಹೊಸ ಬೀಗರ ಎದುರು ನನ್ನ ಮನೆಯ ಊಟ ಎದ್ದು ಕಾಣಬೇಕು ಎಂಬ ಆಸೆ ನನಗೆ ಇತ್ತು, ಬಹಳ ಇತ್ತು. ಅವರಿಗೆ ಅದು ಕೇಳಿಸಿತು.

“ನಿಮ್ಮನೇಲಿ ಬ್ಯಾರೆಯವ್ನು ಸೌಟಿಡ್ದು, ನಾನು ಆಸ್ಪತ್ರೇಲಿ ಮನೀಕಂಡಿರ್ಲಾ? ಒಡ್ದಾಕಿ ಅದ. ನೋವೇ ಇಲ್ವಲ್ಲ. ಆಷಾಢಕ್ಕೆ ನೋಡಣ.”

ನಾನು ಪೆನ್ನು ತೆಗೆದುಕೊಂಡು ಕೆಂಪು ಸಾಲಿನ ಮೇಲೆ ಗೆರೆ ಎಳೆದೆ. ಅವರು ಹೇಳಿದರು, ನಿಜ. ಎಳೆದವನು ನಾನು.

ಬೀಗರೂಟ ಅದ್ಧೂರಿಯಾಗಿ ಆಯಿತು. ಬೀಗರ ಕಡೆಯವರು ಎದ್ದು ಹೋಗುವಾಗ ನನ್ನ ಕೈ ಹಿಡಿದು, ಇಂಥ ಸಾರು ಉಂಡಿರಲಿಲ್ಲ ಎಂದು ಹೇಳಿ ಹೋದರು. ನಾನು ಉಬ್ಬಿಹೋಗಿದ್ದೆ.

ಮಾರನೆಯ ವಾರವಾದರೂ ಹೋಗಬಹುದಿತ್ತು, ಯಾರೂ ಕಟ್ಟಿಹಾಕಿರಲಿಲ್ಲ. ಆದರೆ ಅಷ್ಟರಲ್ಲಿ ಯುಗಾದಿ ಬಂತು, ಮಾರನೆಯ ದಿನದ ವರ್ಷತೊಡಕಿನ ಬಾಡೂಟಕ್ಕೆ ಮೂರು ಕಡೆ ಒಪ್ಪಿಕೊಂಡಿದ್ದರು. ಅದಾದ ಮೇಲೆ ಮುಹೂರ್ತಗಳು ಶುರುವಾದವು. ನಮ್ಮ ಮನೆಯಲ್ಲಿ ಉಂಡವರೇ ಇವರನ್ನು ಕೇಳಿಕೊಂಡು ಬಂದರು. ಒಂದೊಂದನ್ನೂ ನಾನೇ ಬರೆದುಕೊಂಡೆ. ಆಸ್ಪತ್ರೆಯಿಂದ ಒಂದು ಸಲ ಫೋನು ಬಂದಾಗ ಒಲೆಯ ಮುಂದಿದ್ದರಂತೆ, ಬತ್ತೀನಿ ಎಂದು ಹೇಳಿ ಇಟ್ಟರಂತೆ. ಒಂದೆರಡು ಸಲ ನಾನೂ ನೆನಪಿಸಿದೆ. ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದರೆ ಆ ಗೆರೆಯ ಮಾತು ಏಳುತ್ತದೆ ಎಂದು ಒಳಗೊಳಗೇ ಗೊತ್ತಿತ್ತು.

ಆಷಾಢಕ್ಕೆ ಎರಡು ವಾರ ಇರುವಾಗ ಚನ್ನರಾಯಪಟ್ಟಣದ ಒಂದು ಊಟದಲ್ಲಿ ಒಲೆಯ ಮುಂದೆ ಕೂತೇ ಗಡಗಡ ನಡುಗಲು ಶುರುಮಾಡಿದರು. ಮಳೆ ಚಳಿ ಅಂದರು. ಮೈ ಮುಟ್ಟಿದರೆ ಕೆಂಡ. ನಡಿಯಿರಿ ಹಾಸನಕ್ಕೆ ಎಂದರೆ, ಕಡೇ ಪಂಕ್ತಿ ಏಳಲಿ ಎಂದು ಕೂತರು. ಮಧ್ಯಾಹ್ನ ಮೂರಕ್ಕೆ ಅವರನ್ನು ಗಾಡಿಯಲ್ಲಿ ಹಂಡೆಗಳ ನಡುವೆ ಮಲಗಿಸಿಕೊಂಡು ಹೊರಟೆ.

ಡಾಕ್ಟರಮ್ಮ ನೋಡಿದರು, ಮತ್ತೆ ಸ್ಕ್ಯಾನು ಮಾಡಿಸಿದರು. ನಳಿಗೆ ಕಟ್ಟಿಕೊಂಡಿತ್ತು, ಗ್ರಂಥಿಯಲ್ಲಿ ಕೀವು ತುಂಬಿತ್ತು. ಭಟ್ರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಳಗೆ ನಾನೊಬ್ಬ, ಮಂಚದ ಕಾಲ ಬಳಿ.

“ಮಾರ್ಚಲ್ಲಿ ಬನ್ನಿ ಅಂದಿದ್ದೆ. ಯಾಕೆ ಬರಲಿಲ್ಲ?” ಆಕೆ ರೇಗಿ ಕೇಳಿದರು.

“ಮರ್ತೋಯ್ತು ಕಣವ್ವ.”

“ಪುಸ್ತಕದಲ್ಲಿ ಬರೆಸ್ತೀನಿ ಅಂದಿದ್ರಲ್ಲ!”

“ಬರ್ಸಿದ್ದೆ. ನೋಡಾದ ಮರ್ತೆ.”

ನಾನು ಬಾಯಿ ತೆರೆಯಲಿಲ್ಲ. ಆಕೆ ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು. “ನಿಮ್ಮಗ ಈಗ್ತಾನೆ ಸಂಸಾರ ಊಡವ್ನೆ. ಆ ಊಟದ ಮ್ಯಾಲೆ ಇಂಥ ಮಾತು ಯಾಕ್ ಬರ್ಬೇಕು ಬುಡಿ.” ನನಗೆ ಅಳು ಬಂತು. ಅಳುವುದಕ್ಕೂ ಮುಖವಿರಲಿಲ್ಲ.

ಹತ್ತೊಂಬತ್ತು ದಿನ ಇದ್ದರು. ಹೊಟ್ಟೆಯ ಪಕ್ಕದಿಂದ ಕೊಳವೆ ಹಾಕಿ ಕೀವು ತೆಗೆದರು, ಸಕ್ಕರೆ ಹತೋಟಿಗೆ ಬರಲಿಲ್ಲ, ಕೊನೆಗೆ ಕಿಡ್ನಿಯೂ ಕೈಕೊಟ್ಟಿತು. ಡಾಕ್ಟರಮ್ಮ ಮಾಡಬಹುದಾದದ್ದನ್ನೆಲ್ಲ ಮಾಡಿದರು. ಆಷಾಢ ಹುಟ್ಟಿದ ಐದನೆಯ ದಿನ ಬೆಳಿಗ್ಗೆ ಹೋದರು. ಆ ತಿಂಗಳು ಅವರಿಗೆ ಒಂದು ಅಡುಗೆಯೂ ಇರಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಅವರ ಹೆಂಡತಿ ಅಂಗಡಿಗೆ ಬಂದರು. ಮನೆಯಲ್ಲಿ ಉಳಿದುಹೋಗಿದ್ದ ನನ್ನ ಎರಡು ಜಾಲರಿ, ಒಂದು ಕೊಳಗವನ್ನು ತೊಳೆದು ತಂದಿದ್ದರು. ಕೂರಿಸಿ ಕಾಫಿ ತರಿಸಿದೆ. ಕುಡಿಯಲಿಲ್ಲ.

“ನಾಳೆ ನಮ್ಮಣ್ಣನ ಕರ್ಕಂಡು ಹಾಸನಕ್ಕೆ ಓಯ್ತೀನಿ ಅಣ್ಣಯ್ಯ. ಆ ಆಸ್ಪತ್ರೆ ಮುಂದೆ ಕೂತ್ಕತೀನಿ. ಆ ಡಾಕ್ಟ್ರಮ್ಮನ್ನ ಈಚೆಗ್ ಕರ್ದು ನಾಕ್ ಜನದ ಮುಂದೆ ಕೇಳ್ತೀನಿ. ಆಷಾಢಕ್ಕೆ ಬನ್ನಿ ಅಂತ ದಿನ ಕೊಟ್ಟು ಕೊಂದ್ಬುಟ್ಲು.”

“ಆಷಾಢಕ್ಕೆ ಬನ್ನಿ ಅಂದದ್ದು ಡಾಕ್ಟ್ರು ಅಂತ ಯಾರು ಹೇಳಿದ್ದು?” ಎಂದೆ.

“ಅವ್ರೇ ಯೋಳಿದ್ರು. ಯುಗಾದಿ ಮುಂದೆ ನಾನು ಆಸ್ಪತ್ರೆ ಅಂದೆ. ಡಾಕ್ಟ್ರೇ ಮುಂದಕ್ಕಾಕವ್ರೆ ಅಂದ್ರು. ನೀವೂ ಬನ್ನಿ ಅಣ್ಣಯ್ಯ. ನಿಮಗೆ ಎಲ್ಲಾ ಗೊತ್ತು. ನಿಮ್ ಪುಸ್ತಕಾನೂ ತಗಂಡು ಬನ್ನಿ.”

ಸುಮ್ಮನಿದ್ದರೆ ಆ ಹುಡುಗಿಯಂಥ ಡಾಕ್ಟರಮ್ಮ ಬೀದಿಯಲ್ಲಿ ನಿಂತು ನನ್ನ ತಪ್ಪಿಗೆ ಬೈಸಿಕೊಳ್ಳುತ್ತಿದ್ದರು. ಭಟ್ರು ಮುಚ್ಚಿಟ್ಟದ್ದನ್ನು ನಾನು ತೆರೆದರೆ ಅವರ ಮಾತಿಗೆ ದ್ರೋಹ.  ಕೊನೆಗೆ ಪುಸ್ತಕ ತೆಗೆದು ಆ ಪುಟವನ್ನು ಅವರ ಮುಂದೆ ಇಟ್ಟೆ. ಓದಲು ಬರುವುದಿಲ್ಲ ಎಂದರು. ಬಾಯಲ್ಲೇ ಹೇಳಿದೆ. ದಿನ ಇದ್ದದ್ದು ಯುಗಾದಿಗೆ ಮುಂಚೆ, ಅದು ನಮ್ಮ ಮನೆಯ ಬೀಗರೂಟದ ದಿನ, ಆಷಾಢಕ್ಕೆ ಎಂದದ್ದು ಅವರು, ಗೆರೆ ಎಳೆದದ್ದು ನಾನು, ಬೇಡ ಅನ್ನಬಹುದಿತ್ತು, ಅನ್ನಲಿಲ್ಲ.

ಅವರು ಕೊಳಗದ ಅಂಚನ್ನು ಸೆರಗಿನಿಂದ ಒರೆಸುತ್ತ ಕೂತರು. ಅದು ಒಣಗಿಯೇ ಇತ್ತು.

“ದಿನಾ ಸಂಜೆ ದೀಪ ಅಚ್ಚಿ ಆ ಯಮ್ಮಂಗೆ ಶಾಪ ಆಕ್ತಿದ್ದೆ ಕಣಣ್ಣಯ್ಯ” ಅಂದರು. “ಪಾಪ, ಯಾರ್ ಎತ್ತ ಮಗಳೋ. ಇನ್ಮೇಲೆ ಯಾರಿಗಾಕ್ಲಿ?”

“ನನಗೇ ಹಾಕವ್ವ.”

ತಲೆಯಾಡಿಸಿದರು. “ನಿಮಗಾಕಾಕೆ ಬಾಯಿ ಬರಾಕಿಲ್ಲ.” ಎದ್ದು ನಿಂತು ಸೆರಗು ಹೊದ್ದುಕೊಂಡರು. ಮೆಟ್ಟಿಲ ಹತ್ತಿರ ಹೋದವರು ತಿರುಗಿದರು. “ಓಗ್ಲಿ, ಆವತ್ತು ಅಡುಗೆ ಎಂಗಾಗಿತ್ತು ಅಣ್ಣಯ್ಯ? ಅವ್ರು ಬಂದು ಏನೂ ಯೋಳ್ನಿಲ್ಲ. ಚೆಂದಾಗಾಗಿತ್ತಾ?”

ಬೀಗರೂಟದಲ್ಲಿ ಮನೆಯ ಯಜಮಾನ ಎಲ್ಲರದ್ದೂ ಆದ ಮೇಲೆ ಉಣ್ಣಬೇಕು. ಅವತ್ತು ಬೀಗರನ್ನು ಗಾಡಿ ಹತ್ತಿಸಿ ನಾನು ಹಿಂದಕ್ಕೆ ಬರುವಷ್ಟರಲ್ಲಿ ಸಾರು ಮುಗಿದು ಹಂಡೆಗಳನ್ನು ತೊಳೆದು ಕವುಚಿ ಹಾಕಿದ್ದರು. ಮಜ್ಜಿಗೆ ಅನ್ನ ಕಲಸಿಕೊಂಡು ಎದ್ದಿದ್ದೆ. ಚೆನ್ನಾಗಿತ್ತು ಎಂದುಬಿಡಬಹುದಿತ್ತು, ಉಂಡವರೆಲ್ಲ ಹಾಗೇ ಹೇಳಿದ್ದರು. ಆದರೆ ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

“ಗೊತ್ತಿಲ್ಲ ಕಣವ್ವ” ಎಂದೆ. “ನಾನು ಉಣ್ಣಲಿಲ್ಲ.”